ಸ್ಟಿಕ್ಕರ್ ಹಚ್ಚಿದ ಕ್ಯಾರೆಟ್

ಕ್ಯಾರೆಟ್ಟಿಗೆ ಮಣ್ಣು ಅಂಟಿತ್ತು. ರಂಪ ಶುರುವಾಗಿದ್ದು ಇಷ್ಟಕ್ಕೇ.

"ಏನಪ್ಪಾ, ಹೊಲಾನೇ ಹೊತ್ಕೊಂಡು ಬಂದಿದೀಯಲ್ಲ?" ಮೂಲೆಮನೆ ಟೀಚರಮ್ಮ ತಳ್ಳುಗಾಡಿಯ ಮುಂದೆ ನಿಂತು ಮೂಗು ಮುರಿದರು.

"ಈಗ ತಾನೇ ಕಿತ್ತಿದ್ದು ಅಮ್ಮಾ. ನಾಲೆಯಾಚೆ ನಮ್ಮಣ್ಣನ ಹೊಲದ್ದು."

"ಇವತ್ತು ಆಫೀಸಿನವರು ಬರ್ತಾರೆ. ಸ್ವಲ್ಪ ಲಕ್ಷಣವಾಗಿರೋದು ಇಡು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಗಾಡಿಯವನು ಒಂದು ಕ್ಯಾರೆಟ್ಟನ್ನು ಪಂಚೆಗೆ ಒರೆಸಿದ. ನಾಳೆಯಿಂದ ಬೀದಿಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಹೊಸ ಬಜಾರಿನಲ್ಲಿ ಈ ಬಡಾವಣೆಗೆ ಒಂದೇ ಒಂದು ತರಕಾರಿ ಮಳಿಗೆ. ಅದು ಯಾರಿಗೆ ಎಂಬುದನ್ನು ಆಹಾರ ಇಲಾಖೆಯ ಮೇಡಂ ಇವತ್ತು ತರಕಾರಿ ನೋಡಿ ತೀರ್ಮಾನಿಸುತ್ತಾರೆ. ಸಿಕ್ಕರೆ ಅವನೂ ಅಣ್ಣನೂ ಬದುಕಿದರು. ಇಲ್ಲದಿದ್ದರೆ ಗಾಡಿ ಗುಜರಿಗೆ. ಮೇಡಂ ತರಕಾರಿಯಲ್ಲಿ ಏನು ನೋಡುತ್ತಾರೆಂದು ಯಾರೂ ಹೇಳಿರಲಿಲ್ಲ. ಇಂಥವರು ನಮ್ಮಂಥವರಿಗೆ ಯಾವತ್ತು ಹೇಳಿದ್ದಾರೆ?

ಎದುರಿನ ಅಂಗಡಿ ಸಾಹುಕಾರನ ತರಕಾರಿ ಹೊರದೇಶದಿಂದ ಹಡಗಿನಲ್ಲಿ ಬರುವಂಥದು. ಒಂದೊಂದೂ ಹೊಸ ಮದುಮಗನ ಬೂಟಿನಂತೆ ಹೊಳೆಯುತ್ತಿತ್ತು. ಗಾಡಿಯವನು ಆಸೆಗಣ್ಣಿನಿಂದ ನೋಡುವುದನ್ನು ಕಂಡು ಸಾಹುಕಾರ ತಾನೇ ಬಂದ.

"ತಗೋ ತಮ್ಮಾ, ಒಂದು ಸುರುಳಿ ಕಂಪನಿ ಸ್ಟಿಕ್ಕರ್. ಹಚ್ಚು, ನೀನೂ ದೊಡ್ಡ ಮನುಷ್ಯನಾಗು."

"ಇದಕ್ಕೇನು ಕೊಡ್ಲಿ ಸಾಹುಕಾರ್ರೇ?"

"ಏನೂ ಬೇಡ್ವೋ. ಗಾಡೀಲಿ ಉದುರಿರೋ ಆ ಮಣ್ಣು ಕೊಡು, ಹೂವಿನ ಕುಂಡಕ್ಕಾಗತ್ತೆ."

ದೇವರಂಥ ಮನುಷ್ಯ ಎಂದುಕೊಂಡು ಗಾಡಿಯವನು ಮೂಲಂಗಿಯ ಸಂದಿಯದನ್ನೂ ಕೆರೆದು ಚೀಲ ತುಂಬಿಕೊಟ್ಟ.

ಆಮೇಲೆ ನಲ್ಲಿಯ ಕೆಳಗೆ ಕ್ಯಾರೆಟ್ಟಿನ ಅಭ್ಯಂಜನ. ಟೀಚರಮ್ಮ ಹಳೇ ಹಲ್ಲುಜ್ಜುವ ಬ್ರಷ್ ಕೊಟ್ಟರು. ಪಕ್ಕದ ಮನೆಯ ಬೋಳುತಲೆ ಕಂಡಕ್ಟರ್ ತಲೆಗೆ ಹಚ್ಚುವ ಘಮಘಮ ಎಣ್ಣೆ ತಂದು ಬೀಟ್‌ರೂಟಿಗೆ ತಿಕ್ಕಿದ. ಅವನ ತಲೆಯಲ್ಲಿ ಆ ಎಣ್ಣೆಗೆ ಬೇರೆ ಕೆಲಸವಿರಲಿಲ್ಲ. ಸೊಪ್ಪು ಕತ್ತರಿಸಿ, ಸ್ಟಿಕ್ಕರ್ ಹಚ್ಚಿ, ಸಾಲಾಗಿ ಜೋಡಿಸಿದ್ದಾಯಿತು.

ಮೇಡಂ ಬಂದರು. ಸ್ಟಿಕ್ಕರಿನ ಮೇಲೆ ಬೆರಳಿಟ್ಟರು.

"ಇದೆಲ್ಲೀದು?"

"ಇಲ್ಲೇ ಮೇಡಂ, ನಾಲೆಯಾಚೆ..."

"ಇದರಲ್ಲಿ ಯಾವುದೋ ದೇಶದ ಹೆಸರಿದೆಯಲ್ಲಾ?"

ಟೀಚರಮ್ಮ ನುಗ್ಗಿ ಬಂದರು. "ಇವನು ಲೋಕಲ್ ಮಾಲು ಮುಟ್ಟೋದೇ ಇಲ್ಲ ಮೇಡಂ! ಎಲ್ಲಾ ಫಾರಿನ್ನು!"

"ನಾನೇ ಸಾಕ್ಷಿ!" ಎಂದ ಕಂಡಕ್ಟರ್.

"ಅಯ್ಯೋ, ಸುಮ್ನಿರ್ರೋ! ನಮ್ಮಣ್ಣನಾಣೆ ಮೇಡಂ, ಬೆಳಿಗ್ಗೆ ಕಿತ್ತಿದ್ದು. ತಿಂದು ನೋಡಿ." ಗಾಡಿಯವನು ತಾನೇ ಒಂದು ಬೀಟ್‌ರೂಟ್ ಕಚ್ಚಿದ. ತಲೆಯೆಣ್ಣೆ ಗಂಟಲಿಗಿಳಿದು, ಮೇಡಂ ಚಪ್ಪಲಿಯ ಪಕ್ಕದಲ್ಲೇ ವಾಂತಿ ಮಾಡಿಕೊಂಡ.

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. "ಈ ಮಳಿಗೆ ಸುತ್ತಮುತ್ತಲ ರೈತರು ಬೆಳೆದದ್ದಕ್ಕೆ ಮಾತ್ರ. ಜನಕ್ಕೆ ತಾಜಾ, ಆರೋಗ್ಯವಾದ ಊಟ ಸಿಗಲಿ ಅಂತ ನಾವು ಒದ್ದಾಡ್ತಿದ್ರೆ, ನೀವು ಇದನ್ನ ಮಾರ್ತೀರಾ?"

ಅಷ್ಟು ಹೇಳಿ ರಸ್ತೆ ದಾಟಿದರು. ಸಾಹುಕಾರನ ಅಂಗಡಿಯ ಮುಂದೆ ಬಿದಿರು ಬುಟ್ಟಿಗಳು. ತುಂಬಾ ಕ್ಯಾರೆಟ್, ಮೈತುಂಬಾ ಮಣ್ಣು. ಒಂದರ ಮೇಲೂ ಸ್ಟಿಕ್ಕರಿಲ್ಲ.

"ಆಹಾ, ಇದಪ್ಪಾ ಅಂದ್ರೆ!" ಮೇಡಂ ಒಂದನ್ನೆತ್ತಿ ಮೂಸಿದರು. "ಯಾವ ಹೊಲದ್ದು?"

"ನಾಲೆಯಾಚೇದು ಮೇಡಂ," ಎಂದ ಸಾಹುಕಾರ. ಮಣ್ಣಿನ ಮಟ್ಟಿಗೆ ಅದು ನಿಜವೇ ಆಗಿತ್ತು.

ಮಳಿಗೆಯ ಬೀಗದ ಕೈ ಅಲ್ಲೇ ಅವನ ಕೈ ಸೇರಿತು. ಟೀಚರಮ್ಮ ಮೊದಲು ಚಪ್ಪಾಳೆ ತಟ್ಟಿದರು.

ಸಂಜೆ ಸಾಹುಕಾರ ಗಾಡಿಯವನ ಹೆಗಲ ಮೇಲೆ ಕೈಹಾಕಿದ. "ಬೇಜಾರು ಮಾಡ್ಕೋಬೇಡ ತಮ್ಮಾ. ನಿಮ್ಮಣ್ಣನ ಹೊಲದಿಂದ ನಾಳೆಯಿಂದ ದಿನಾ ನಂಗೇ ತಂದ್ಹಾಕು."

ಗಾಡಿಯವನ ಮುಖ ಅರಳಿತು. "ಎಷ್ಟು ಬುಟ್ಟಿ ಕ್ಯಾರೆಟ್ ತರ್ಲಿ ಸಾಹುಕಾರ್ರೇ?"

"ಕ್ಯಾರೆಟ್ ಯಾವನಿಗೆ ಬೇಕೋ? ಮಣ್ಣು ತಾ. ಜರಡಿ ಹಿಡಿದು ತಾ, ಕಲ್ಲಿರಬಾರದು."