ಹಳೇ ಕಾರಿನ ತಗಡು: ಅಸಲಿಯೋ ನಕಲಿಯೋ

ಹಳೇ ಕಾರು ನೋಡಲು ಹೋದ ಕಡೆ ಏನಾದರೊಂದು ಎಡವಟ್ಟು ಆಗದೆ ನಾನು ವಾಪಸು ಬಂದದ್ದು ಕಡಿಮೆ. ಕೊಪ್ಪದಲ್ಲಿ ಗ್ಯಾರೇಜು ಇಟ್ಟು ಮೂವತ್ತು ವರ್ಷವಾಯಿತು. ಈಚೆಗೆ ನಮ್ಮ ಕಡೆಯವರಿಗೆ ಹಳೇ ಕಾರಿನ ಹುಚ್ಚು ಹಿಡಿದಿದೆ. ಕೊಳ್ಳುವ ಮೊದಲು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ನಾನು ಎಂಜಿನ್ ಶಬ್ದ ಕೇಳುವುದು ಆಮೇಲೆ. ಮೊದಲು ಬಾನೆಟ್ ಎತ್ತಿ, ಒಳಗೆ ರಿವೆಟ್ ಹೊಡೆದಿರುವ ಅಂಗೈಯಗಲದ ತಗಡು ನೋಡುತ್ತೇನೆ. ಕಾರಿನ ಚಾಸಿ ನಂಬರು ಅದರ ಮೇಲಿರುತ್ತದೆ. ಆರ್‌ಸಿ ಪುಸ್ತಕದಲ್ಲೂ ಅದೇ ನಂಬರು ಇರಬೇಕು. ಕದ್ದ ಕಾರಿಗೆ ಸುಳ್ಳು ತಗಡು ಹೊಡೆದು ಮಾರುವವರಿದ್ದಾರೆ. ಪೊಲೀಸರು ಬಂದು ಕಾರು ಎಳೆದುಕೊಂಡು ಹೋದರೆ ಅಳುವವನು ಕೊಂಡವನು. ಹಾಗಾಗಿ ನಾನು ಯಾರನ್ನೂ ನಂಬುವುದಿಲ್ಲ. "ನಿಮ್ಮ ಕಣ್ಣಿಗೆ ಊರೆಲ್ಲ ಕಳ್ಳರೇ" ಅನ್ನುತ್ತಾಳೆ ಹೆಂಡತಿ. ಇದನ್ನು ಇವಳಿಗೆ ಯಾರೋ ಹೇಳಿಕೊಟ್ಟಿರಬೇಕು ಅಂತ ನನಗೆ ಅನುಮಾನ.

ಅಪ್ಪನ ನೆನಪು

ನರಸಿಂಹರಾಜಪುರದ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ತಂದೆಯ ಅಂಬಾಸಿಡರ್ ಮಾರಲು ಇಟ್ಟಿದ್ದರು. ಕಾರಿಗೆ ಮೂತಿಯಿಂದ ಡಿಕ್ಕಿಯವರೆಗೆ ತುಕ್ಕು. ಬಾನೆಟ್ ಎತ್ತಿದೆ. ಒಳಗೂ ತುಕ್ಕು, ಜೇಡರಬಲೆ. ಅದರ ನಡುವೆ ತಗಡು ಮಾತ್ರ ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಅನ್ನುತ್ತಿತ್ತು.

"ಇದೊಂದು ಎಂತಕ್ಕೆ ಇಷ್ಟು ಹೊಳೀತದೆ?" ಅಂದೆ.

ವ್ಯಾಪಾರಿ ಕಣ್ಣು ಒರೆಸಿಕೊಂಡರು. "ಅಪ್ಪನಿಗೆ ಈ ಕಾರು ಅಂದ್ರೆ ಜೀವ. ದಿನಾ ಬೆಳಿಗ್ಗೆ ಎದ್ದು ಆ ತಗಡು ಒರೆಸ್ತಿದ್ರು. ಅವರು ಹೋದ ಮೇಲೆ ನಾವು ಯಾರೂ ಅದನ್ನ ಮುಟ್ಟಿಲ್ಲ."

ನನಗೂ ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ಆದರೂ ಅಭ್ಯಾಸಬಲ, ತಗಡಿನ ಅಂಚಿಗೆ ಹೆಬ್ಬೆರಳು ಒತ್ತಿದೆ. ಬೆರಳು ಅಲ್ಲೇ ಹಿಡಿದುಕೊಂಡಿತು.

"ತಂದೆಯವರು ತೀರಿಕೊಂಡು ಎಷ್ಟು ವರ್ಷ ಆಯ್ತು?"

"ಹನ್ನೆರಡು."

"ಅಂಟು ಇನ್ನೂ ಒಣಗಿಲ್ಲ ಮಾರಾಯ್ರೆ."

ಒಂದು ಅಂಕಿ ಕಮ್ಮಿ

ಶೃಂಗೇರಿಯ ಲಾಡ್ಜಿನ ಮಾಲೀಕರೊಬ್ಬರು ಹಳೇ ಜೀಪು ಕೊಳ್ಳಲು ಹೊರಟರು. ಮಾರುವವನು ಪೇಟೆಯಲ್ಲೇ ಜೀಪು ತಂದು ನಿಲ್ಲಿಸಿದ್ದ. ನಾನು ತಗಡಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ನಂಬರು ತೆಗೆದೆ. ಪುಸ್ತಕದಲ್ಲಿ ಹನ್ನೊಂದು ಅಂಕಿ, ಕಾಗದದಲ್ಲಿ ಹತ್ತೇ. ಮಾರುವವನು ಕಾಗದ ತಿರುಗಿಸಿ ಮುರುಗಿಸಿ ನೋಡಿ, "ಮೊನ್ನೆ ಇತ್ತಲ್ಲ" ಅಂದ.

ಅಂಕಿಗಳನ್ನು ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದರು. ಆ ಕೈಬರಹ ನಾನು ಎಲ್ಲೋ ನೋಡಿದ್ದೆ. ನೆನಪಾಯಿತು, ಇದೇ ಪೇಟೆಯಲ್ಲಿ ಕೊಂಡ ನಮ್ಮ ಮನೆಯ ಕೊಳದಪ್ಪಲೆ ಪಾತ್ರೆಯ ಮೇಲೆ. ಲಾಡ್ಜಿನ ಮಾಲೀಕರನ್ನು ಕರೆದುಕೊಂಡು ನೇರ ಪಾತ್ರೆ ಅಂಗಡಿಗೆ ಹೋದೆ. ಅಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಅಜ್ಜರಿಗೆ ಕಾಗದ ತೋರಿಸಿದೆ.

"ಹೌದು, ನನ್ನದೇ ಕೆಲಸ" ಅಂದರು ಹೆಮ್ಮೆಯಿಂದ. "ಯಾರೋ ಒಬ್ಬ ತಗಡು ತಂದು ನಂಬರು ಹೊಡೀರಿ ಅಂದ. ಟಿಫಿನ್ ಕ್ಯಾರಿಯರ್‌ಗೆ ಅಂಟಿಸ್ಲಿಕ್ಕೆ ಇರ್ಬೇಕು, ಕಳೆದುಹೋದ್ರೆ ಯಾರಾದ್ರೂ ಫೋನ್ ಮಾಡ್ಲಿ ಅಂತ."

"ಹನ್ನೊಂದು ಅಂಕಿ ಇತ್ತಲ್ಲ ಅಜ್ಜ?"

"ಇತ್ತು. ಮೊಬೈಲಿಗೆ ಹತ್ತೇ ಅಲ್ವಾ? ಪಾಪ, ಬರ್ಕೊಂಡು ಬರುವಾಗ ತಪ್ಪಿದಾನೆ ಅಂತ ಕೊನೇದು ನಾನೇ ಬಿಟ್ಟೆ."

ನಾವು ಮುಖ ಮುಖ ನೋಡಿಕೊಂಡೆವು. ಅಜ್ಜ ಮಾತ್ರ ಬೇಸರದಲ್ಲಿದ್ದರು. "ಸರಿ ಉಂಟಾ ಅಂತ ಆ ನಂಬರಿಗೆ ಒಂದ್ಸಲ ಫೋನ್ ಮಾಡಿಯೂ ನೋಡ್ದೆ. ಯಾರೋ ಹಿಂದಿಯಲ್ಲಿ ಬೈದ್ರು."

ಅಯಸ್ಕಾಂತ

ಕೊಪ್ಪದ ಬಟ್ಟೆ ಅಂಗಡಿಯವರೊಬ್ಬರಿಗೆ ನನ್ನ ಮೇಲೂ ನಂಬಿಕೆ ಇರಲಿಲ್ಲ. ಇಂಥವರನ್ನು ಕಂಡರೆ ನನಗೆ ಗೌರವ. ಅಸಲಿ ತಗಡು ಅಲ್ಯುಮಿನಿಯಮ್ಮಿನದು, ಅದಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ ಅಂತ ಮೊಬೈಲಿನಲ್ಲಿ ನೋಡಿದ್ದರಂತೆ. ಕಾರು ನೋಡಲು ಹೋದಾಗ ಜೇಬಿನಿಂದ ಅಯಸ್ಕಾಂತ ತೆಗೆದು ತಗಡಿಗೆ ಹಿಡಿದರು. ಅದು ಜಾರಿ ಬಿತ್ತು. "ನೋಡಿದ್ರಾ" ಅಂತ ಬೀಗಿದರು. ಇರಲಿ ಅಂತ ಬಾಗಿಲಿಗೂ ಹಿಡಿದರು, ಅಲ್ಲೂ ಬಿತ್ತು. ಮಡ್‌ಗಾರ್ಡಿಗೆ ಹಿಡಿದರು, ಅಲ್ಲೂ ಬಿತ್ತು. ಕಬ್ಬಿಣ ಕರಗಿಹೋಗಿ, ಮೈಯೆಲ್ಲ ಬರೀ ಪುಟ್ಟಿ ಮೆತ್ತಿ ಪೇಂಟ್ ಹೊಡೆದ ಕಾರು ಅದು. ನಾನು ಬಾಯಿ ತೆರೆಯುವ ಮೊದಲೇ ಅವರು ಕಾರಿನ ಮಾಲೀಕರ ಕೈ ಕುಲುಕಿ ಹೇಳಿದರು: "ಇಡೀ ಕಾರೇ ಅಸಲಿ."

ಕೆಂಪು ಪುಡಿ

ನನ್ನ ಅನುಮಾನ ಪ್ರತಿಸಲ ಸರಿಯಾಗುತ್ತದೆ ಅಂತಲ್ಲ. ಮೆಣಸೆಯ ನಿವೃತ್ತ ಶಾಲಾ ಟೀಚರೊಬ್ಬರು ಗಂಡನ ಕಾರು ಕೊಡುತ್ತೇನೆ ಅಂದಿದ್ದರು. ನನ್ನ ಸ್ನೇಹಿತ ಆ ಕಾರಿಗೆ ಮನಸೋತಿದ್ದ. ನಾನು ಬಾನೆಟ್ ಎತ್ತಿದೆ. ತಗಡನ್ನು ಕೂರಿಸಿದ ಸ್ಕ್ರೂ ಹೊಸದು. ಅಂಕಿಗಳ ಸಂದಿಯಲ್ಲೆಲ್ಲ ಕೆಂಪು ಪುಡಿ. ಪೇಂಟ್ ಹೊಡೆಯುವ ಮೊದಲು ಬಳಿಯುವ ರೆಡ್ ಆಕ್ಸೈಡೇ ಇದು, ಮೊನ್ನೆ ಮೊನ್ನೆ ತಯಾರಾದ ಮಾಲು ಅಂತ ನನಗೆ ಖಾತ್ರಿಯಾಯಿತು. ಸ್ನೇಹಿತನಿಗೆ ಕಣ್ಣಲ್ಲೇ ಬೇಡ ಅಂದೆ. ಅವನ ಮುಖ ಬಾಡಿತು. ಕೊನೆಯ ಪರೀಕ್ಷೆ ಅಂತ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ತಗಡಿನ ಮೇಲೆ ಉಜ್ಜಿದೆ.

"ಎಂಜಲು ಮಾಡಿದ್ರಲ್ಲ" ಅಂದರು ಟೀಚರು, ಹಿಂದಿನಿಂದ.

ಆಮೇಲೆ ವಿಷಯ ಗೊತ್ತಾಯಿತು. ಹಿಂದೆ ಕಾರು ನೋಡಲು ಬಂದವನೊಬ್ಬ, ಈ ತಗಡನ್ನೇ ಕಳ್ಳರು ಕಿತ್ತುಕೊಂಡು ಹೋಗುತ್ತಾರೆ ಅಂತ ಹೆದರಿಸಿದ್ದನಂತೆ. ಟೀಚರು ಅವತ್ತೇ ಅದನ್ನು ಬಿಚ್ಚಿ ದೇವರ ಕೋಣೆಯಲ್ಲಿ ಇಟ್ಟರು. ಅಲ್ಲಿಟ್ಟ ಮೇಲೆ ಅದಕ್ಕೂ ದಿನಾ ಕುಂಕುಮ ಬೀಳುತ್ತಿತ್ತು. ಯಾರಾದರೂ ನೋಡಲು ಬಂದರೆ ಮಾತ್ರ ತಂದು ಸ್ಕ್ರೂ ಹಾಕುವುದು. ಆರ್‌ಸಿ ಪುಸ್ತಕ ತಂದರು, ನಂಬರು ತಾಳೆಯಾಯಿತು. ಚಾಸಿಯ ಕಬ್ಬಿಣದ ಮೇಲೂ ಅದೇ ನಂಬರು. ಎಲ್ಲ ಅಸಲಿ.

ಸ್ನೇಹಿತ ಕೀಲಿಗೆ ಕೈ ಚಾಚಿದ. ಟೀಚರು ಕೊಡಲಿಲ್ಲ. "ಮೊದಲು ಇವರು ಅದನ್ನ ತೊಳೆದು ಕೊಡ್ಲಿ" ಅಂದರು. ಬಿಚ್ಚಿ, ಬಾವಿಕಟ್ಟೆಯ ಹತ್ತಿರ ಕೂತು, ಅವರು ಹೇಳಿದ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದೆ. ಸಾವಿರ ಕಾರು ತೊಳೆದಿರಬಹುದು, ಚಾಸಿ ನಂಬರಿಗೆ ಅಭಿಷೇಕ ಮಾಡಿದ್ದು ಅದೊಂದೇ ಸಲ.

ಮೊಹರು

ಹೋದ ವರ್ಷದ ಮಾತು. ಕೊಪ್ಪದ ಹಲ್ಲಿನ ಡಾಕ್ಟರರ ಜೊತೆ ನರಸಿಂಹರಾಜಪುರಕ್ಕೆ ಹೋಗಿದ್ದೆ. ಮಾರುವವರು ಅಲ್ಲಿ ಹೋಟೆಲ್ ನಡೆಸುವವರು, ಕಾರನ್ನು ಮೂರು ತಿಂಗಳ ಹಿಂದೆ ಬೇರೆಯವರಿಂದ ಕೊಂಡವರು. ನಾನು ಯಾರು ಅಂತ ಅವರಿಗೆ ಹೇಳಿರಲಿಲ್ಲ. ಬಾನೆಟ್ ಎತ್ತಿದರೆ ತಗಡಿಗೆ ಈಗಿನ ಕಾಲದ ಪಾಪ್ ರಿವೆಟ್ಟು.

"ತಗಡು ನಕಲಿ" ಅಂದೆ.

ಹೋಟೆಲಿನವರು ನಕ್ಕರು. "ಇದನ್ನ ಕೊಪ್ಪದ ದೊಡ್ಡ ಎಕ್ಸ್‌ಪರ್ಟ್ ನೋಡಿ, ಅಸಲಿ ಅಂತ ಬರೆದು ಕೊಟ್ಟಿದಾರೆ. ಅವರು ಹೇಳಿದ ಮೇಲೆ ಮುಗೀತು." ಒಂದು ಕಾಗದ ತಂದು ಹಿಡಿದರು. ಕೆಳಗೆ ನನ್ನ ಹೆಸರು, ನನ್ನ ಗ್ಯಾರೇಜಿನ ಮೊಹರು. ನಾನು ಆ ಕಾರನ್ನು ನೋಡುತ್ತಿದ್ದುದೇ ಅವತ್ತು ಮೊದಲು.

"ಅವರನ್ನ ನೀವು ನೋಡಿದೀರಾ?"

"ನೋಡದೆ ಎಂತ? ಕಾರು ಕೊಟ್ಟವನು ಕರ್ಕೊಂಡು ಬಂದಿದ್ದ. ಎತ್ತರದ ಆಳು, ದೊಡ್ಡ ಮೀಸೆ. ಇಂಗ್ಲಿಷಿನಲ್ಲೇ ಮಾತು."

ನಾನು ಐದಡಿ ಎರಡಿಂಚು. ಮೀಸೆ ಇಲ್ಲ. ಡಾಕ್ಟರು ಆ ಕಡೆ ತಿರುಗಿ ಕೆಮ್ಮಿದರು. ನನಗೆ ಮೈಯೆಲ್ಲ ಉರಿಯಿತು, ಹೋಟೆಲಿನವರ ಮೇಲೆ ಕನಿಕರವೂ ಆಯಿತು. ಮೋಸ ಹೋದವರು ಅವರೇ.

"ಆ ಎಕ್ಸ್‌ಪರ್ಟ್ ನಾನೇ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇರ್ಬಹುದು, ಇರ್ಬಹುದು" ಅಂದರು, ಹುಚ್ಚರನ್ನು ಸಮಾಧಾನ ಮಾಡುವ ಧಾಟಿಯಲ್ಲಿ.

ಬೇರೆ ದಾರಿ ಕಾಣದೆ ಚೀಲದಿಂದ ನನ್ನ ಮೊಹರು ತೆಗೆದೆ. ಅವರ ಕಾಗದದಲ್ಲಿದ್ದ ಮೊಹರಿನ ಪಕ್ಕದಲ್ಲೇ ಒತ್ತಿದೆ. ಅವರು ಕನ್ನಡಕ ಹಾಕಿಕೊಂಡು, ನಾನು ತಗಡು ನೋಡುವಷ್ಟೇ ಹೊತ್ತು ಎರಡನ್ನೂ ನೋಡಿದರು. ಒಂದು ಕಷ್ಟ ಇತ್ತು. ನನ್ನ ಮೊಹರು ಮಾಡಿಕೊಟ್ಟವನು ಮೊದಲ ದಿನವೇ 'ಮೋಟಾರ್ ವರ್ಕ್ಸ್' ಬದಲು 'ಮೋಟಾರ್ ವರ್ಸ್ಕ್' ಅಂತ ಮಾಡಿದ್ದ. ಯಾರು ಓದುತ್ತಾರೆ ಅಂತ ನಾನು ಹಾಗೇ ಬಿಟ್ಟಿದ್ದೆ. ಕಳ್ಳ ಅದನ್ನು ತಿದ್ದಿ ಮಾಡಿಸಿದ್ದ.

ಹೋಟೆಲಿನವರು ಕನ್ನಡಕ ತೆಗೆದರು. ಡಾಕ್ಟರರನ್ನು ಪಕ್ಕಕ್ಕೆ ಕರೆದು, ನನಗೆ ಕೇಳುವುದಿಲ್ಲ ಅಂದುಕೊಂಡು ಹೇಳಿದರು: "ಸಾರ್, ಕಾರು ತಗೊಳ್ಳೋದು ಬಿಡೋದು ನಿಮ್ಮಿಷ್ಟ. ಆದ್ರೆ ಈ ಮನುಷ್ಯನ್ನ ಜೊತೇಲಿ ಇಟ್ಕೊಂಡು ಓಡಾಡ್ಬೇಡಿ, ಇವನು ಡುಪ್ಲಿಕೇಟು."