ಊರಿಗೆ ಹೋದವರ ಮನೆ

ಎಲ್ಲಕ್ಕೂ ಕಾರಣ, ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡಿಂಗ್ ಮೇಷ್ಟ್ರ ಬಾಯಿಂದ ಜಾರಿದ ಒಂದು ಮಾತು. "ಈ ಸಲ ಕ್ರಿಸ್‌ಮಸ್‌ಗೆ ಏನ್ ಮಾಡ್ತೀರಿ?" ಎಂದು ಮಹಡಿ ಮನೆಯ ನರ್ಸಮ್ಮ ಕೇಳಿದಾಗ, "ಅಕ್ಕನ ಮನೆಗೆ ಹೋಗ್ತೀನಿ" ಎಂದುಬಿಟ್ಟಿದ್ದರು. ಅತ್ತ ಅಕ್ಕನಿಗೆ ಫೋನಿನಲ್ಲಿ, "ಅಕ್ಕಪಕ್ಕದವರು ಬಿಡ್ತಾ ಇಲ್ಲ, ಇಲ್ಲೇ ಊಟ" ಎಂದಿದ್ದರು.

ಮೇಷ್ಟ್ರ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಪ್ರತಿ ಕ್ರಿಸ್‌ಮಸ್‌ಗೆ ಇಡೀ ಬೀದಿಗೆ ಊಟ ಹಾಕುತ್ತಿದ್ದವರು ಆಕೆ. ಮೇಷ್ಟ್ರದು ನೀರು ಬಡಿಸುವ ಕೆಲಸವಷ್ಟೆ. ಈ ಸಲ ಯಾರ 'ಅಯ್ಯೋ ಪಾಪ'ವೂ ಬೇಡ, ಬಾಗಿಲು ಹಾಕಿಕೊಂಡು ದಿನ ಕಳೆದರೆ ಸಾಕು ಎನ್ನಿಸಿತ್ತು.

ನರ್ಸಮ್ಮ ಬಿಡಬೇಕಲ್ಲ! ಹಬ್ಬದ ಬೆಳಿಗ್ಗೆ ನಿಂತು ಮುಂಬಾಗಿಲಿಗೆ ಬೀಗ ಹಾಕಿಸಿ, ಬ್ಯಾಗು ತಾವೇ ಹೊತ್ತು, ಮೇಷ್ಟ್ರನ್ನು ಬಸ್ಸಿನಲ್ಲಿ ಕೂರಿಸಿ, ಬಸ್ಸು ತಿರುವು ದಾಟುವವರೆಗೂ ಕೈಬೀಸಿದರು. ಮೇಷ್ಟ್ರು ಮುಂದಿನ ಸ್ಟಾಪಿನಲ್ಲೇ ಇಳಿದು, ಸ್ವಂತ ಮನೆಗೇ ಕನ್ನ ಹಾಕುವವರಂತೆ ಹಿಂದಿನ ಓಣಿ ಹಿಡಿದು, ಮೊದಲೇ ಅಗುಳಿ ತೆಗೆದಿಟ್ಟಿದ್ದ ಹಿತ್ತಲ ಬಾಗಿಲಿನಿಂದ ಒಳಸೇರಿ ಅಗುಳಿ ಹಾಕಿದರು.

ಊರಿಗೆ ಹೋದವರ ಮನೆಯಲ್ಲಿ ನಲ್ಲಿ ತಿರುಗಿಸುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಕೆಮ್ಮುವಂತಿಲ್ಲ. ಚರ್ಚಿಗೆ ಹೋಗುವುದಂತೂ ದೂರದ ಮಾತು. ಅಲ್ಲಿನ ಗಂಟೆ ಕೇಳಿಸಿದಾಗ ಒಂದು ಮೇಣದಬತ್ತಿ ಹಚ್ಚಿ, ಹೆಂಡತಿ ಹಾಡುತ್ತಿದ್ದ ಕೀರ್ತನೆಯನ್ನು ತುಟಿಯಲ್ಲೇ ಹಾಡಿಕೊಂಡರು. ಎರಡನೇ ಚರಣ ನೆನಪಾಗಲಿಲ್ಲ. ಅದು ಯಾವಾಗಲೂ ಆಕೆಯ ಪಾಲಿನದು.

ಮಧ್ಯಾಹ್ನ ಹಸಿವು ತಡೆಯದೆ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದರು. ಮುಚ್ಚಳ ಜಾರಿತು, ಅಡುಗೆಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಠಣಠಣ ಕುಣಿದು, ಸಾವಕಾಶವಾಗಿ ಮಲಗಿತು.

ಎರಡೇ ನಿಮಿಷ. ಮುಂಬಾಗಿಲ ಹೊರಗೆ ನರ್ಸಮ್ಮ, ಕೊಡಲಿ ಹಿಡಿದ ಎದುರುಮನೆಯ ಬಡಗಿ.

"ಒಳಗೆ ಯಾರೋ ಇದ್ದಾರೆ ಕಣಪ್ಪಾ!"

"ಮೇಷ್ಟ್ರೇ ವಾಪಸ್ ಬಂದಿರ್ಬೇಕು ಬಿಡಿ," ಎಂದ ಬಡಗಿ.

"ನಾನೇ ಬಸ್ ಹತ್ತಿಸಿದೀನಿ! ಅವ್ರ ಫೋನ್ ಬೇರೆ ಆಫ್. ತಡಿ, ಅವ್ರ ಅಕ್ಕಂಗೆ ಮಾಡ್ತೀನಿ."

ಮೇಷ್ಟ್ರು ಬಿಸ್ಕತ್ತು ಹಿಡಿದೇ ಬಂದು ಕದಕ್ಕೆ ಕಿವಿ ಹಚ್ಚಿದರು. ಸ್ಪೀಕರಿನಲ್ಲಿ ಅಕ್ಕನ ದನಿ ಕೇಳಿತು.

"ಅಮ್ಮಾ, ನಿಮ್ಮ ತಮ್ಮ ಅಲ್ಲಿದ್ದಾರಾ? ಇಲ್ಲಿ ಮನೆಯೊಳಗೆ ಸದ್ದಾಗ್ತಿದೆ."

ಅಕ್ಕನಿಗೆ ಎಲ್ಲ ಅರ್ಥವಾಗಿತ್ತು. ಹುಟ್ಟಿದಾಗಿನಿಂದ ಸುಳ್ಳಾಡದ ಆಕೆ, ತಮ್ಮನ ಮಾನ ಉಳಿಸಲೆಂದು, "ಇಲ್ಲೇ ಇದ್ದಾನೆ ತಾಯಿ. ಈಗಷ್ಟೇ ಉಂಡು ಮಲಗಿದ," ಎಂದರು.

ಕದದ ಹಿಂದೆ ಮೇಷ್ಟ್ರ ಕಣ್ಣು ತುಂಬಿಬಂತು.

"ಹಾಗಾದ್ರೆ ಒಳಗಿರೋನು ಕಳ್ಳನೇ!" ಎಂದು ಬಡಗಿ ಕೊಡಲಿ ಎತ್ತಿದ. ಮೂರೇ ಏಟು. ಬೀಗ, ಚಿಲಕ, ಕದ, ಎಲ್ಲವೂ ಒಟ್ಟಿಗೆ ಒಳಬಂದವು.

ಮೇಷ್ಟ್ರು ಹಿಂದೆ ಸರಿದು ಬಿಸ್ಕತ್ತು ಹಿಡಿದು ನಿಂತಿದ್ದರು. ನರ್ಸಮ್ಮ ಮೇಣದಬತ್ತಿ ನೋಡಿದರು, ಗೋಡೆಯ ಫೋಟೋ ನೋಡಿದರು, ಮೂಗೊರೆಸಿಕೊಂಡರು.

"ಒಂದು ಮಾತು ಹೇಳ್ಬಾರ್ದಿತ್ತಾ ಮೇಷ್ಟ್ರೇ? ಈಗ ನನಗೂ ಡ್ಯೂಟಿಗೆ ಹೊತ್ತಾಯ್ತು…"

ಬಡಗಿ ತಲೆ ಕೆರೆದುಕೊಂಡ. "ಹೊಸ ಕದ ಮಾಡೋಣ ಅಂದ್ರೆ ಹಲಗೆ ಅಂಗಡಿ ತೆಗೆಯೋದು ಇನ್ನು ನಾಡಿದ್ದೇ."

ಫೋನಿನಲ್ಲಿ ಅಕ್ಕ ಇನ್ನೂ ಇದ್ದರು. "ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ ಅಕ್ಕಾ," ಎಂದರು ಮೇಷ್ಟ್ರು. "ಬಾಗಿಲು ಹೋಯ್ತು. ಇನ್ನು ಮನೆ ಬಿಟ್ಟು ನಿನ್ನ ಹತ್ರ ಬರೋ ಹಾಗೂ ಇಲ್ಲ."

"ಯೇಸುಸ್ವಾಮಿ ಹುಟ್ಟಿದ ಕೊಟ್ಟಿಗೆಗೆ ಯಾವ ಬಾಗಿಲಿತ್ತೋ? ಸುಮ್ನೆ ಕೂತ್ಕೋ. ಬರೋರು ಬರ್ತಾರೆ."

ನರ್ಸಮ್ಮ, ಬಡಗಿ ಇಬ್ಬರೂ ಹೊರಟುಹೋದರು. ಬೀದಿಯ ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಮೇಷ್ಟ್ರು ಬಾಗಿಲಿದ್ದ ಜಾಗದಲ್ಲಿ ಎರಡು ಕುರ್ಚಿ ಹಾಕಿ, ಒಂದರಲ್ಲಿ ಕೂತರು.