ಚಂದ್ರಯಾನದ ಗುಟ್ಟು

ಎಲ್ಲ ಅನಾಹುತಕ್ಕೂ ಮೂಲ ಒಂದು ‘ಗುಟ್ಟ’. ತೆಲುಗಿನಲ್ಲಿ ಹಾಗೆಂದರೆ ಗುಡ್ಡ. ಹೈದರಾಬಾದಿನಲ್ಲಿ ಗುಡ್ಡ ಕಾಣಲಿ ಬಿಡಲಿ, ಎಷ್ಟೋ ಬಡಾವಣೆಗಳ ಹೆಸರಿಗೆ ಬಾಲದಂತೆ ಇದು ಅಂಟಿಕೊಂಡಿರುತ್ತದೆ. ಅವತ್ತು ಪ್ರಹ್ಲಾದ ಫೋನಿನಲ್ಲಿ ಈ ಬಾಲವನ್ನು ಉಚ್ಚರಿಸುವುದಕ್ಕೂ, ಹಿಂದಿದ್ದ ಪ್ರೆಸ್ ಮಷೀನು ‘ಧಡ್’ ಎನ್ನುವುದಕ್ಕೂ ಸರಿಹೋಯಿತು.

ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರಹ್ಲಾದ ಸ್ಟೋರ್ಸ್ ಗುಮಾಸ್ತ. ಅಲ್ಲಿ ರಾಕೆಟ್ಟಿಗೆ ಬೇಕಾಗುವ ವಾಷರುಗಳು ತಯಾರಾಗುತ್ತಿದ್ದವು. ರಾಕೆಟ್ಟನ್ನು ಅವನು ಕಂಡದ್ದು ಟೀವಿಯಲ್ಲಿ ಮಾತ್ರ. ಆದರೂ ಮಲ್ಕಾಜ್‌ಗಿರಿಯ ತನ್ನ ಅಪಾರ್ಟ್‌ಮೆಂಟಿನಲ್ಲಿ, “ನಾ ಸಹಿ ಮಾಡಿ ವಾಷರ್ ಬಿಟ್ಟರನ ರಾಕೆಟ್ ಮ್ಯಾಲ ಏರೂದು” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಟ್ಟಿದ್ದ. ಈ ಬಡಾಯಿ ಒಂದು ದಿನ ತಿರುಗಿ ತನ್ನ ತಲೆಯ ಮೇಲೇ ಬೀಳುತ್ತದೆಂದು ಅವನಿಗೇನು ಗೊತ್ತು, ಪಾಪ!

ಅವತ್ತು ಬೆಳಿಗ್ಗೆ ಮ್ಯಾನೇಜರ್ ಚಂದ್ರಹಾಸರು ಅವನನ್ನು ಕರೆದರು. ಅವರು ಮಂಗಳೂರಿನ ಕಡೆಯವರು. ಬೈಯುವಾಗಲೂ ಪುಸ್ತಕದ ಕನ್ನಡವನ್ನು ಬಿಟ್ಟವರಲ್ಲ.

“ಪ್ರಹ್ಲಾದರೇ, ಚಾಂದ್ರಾಯಣಗುಟ್ಟದಲ್ಲಿ ನಮ್ಮ ಹೊಸ ಗೋದಾಮು ತೆರೆದಿದೆ. ನಾಳೆಯಿಂದ ನೀವು ಅಲ್ಲಿಗೆ.”

ಪ್ರಹ್ಲಾದನ ಮನೆ ಊರಿನ ಈ ತುದಿಗಾದರೆ ಚಾಂದ್ರಾಯಣಗುಟ್ಟ ಆ ತುದಿಗೆ. ಅವನ ಬಾಳಿನ ಸುಖವೆಲ್ಲ ಇದ್ದದ್ದು ಸಂಜೆಯ ಬಾಲ್ಕನಿಯಲ್ಲಿ: ಒಂದು ಬೆತ್ತದ ಕುರ್ಚಿ, ಒಂದು ಕಪ್ ಚಹಾ, ಒಂದು ತಟ್ಟೆ ಮಿರ್ಚಿ ಭಜಿ, ಎದುರಿಗೆ ಸ್ಟೇಷನ್ನಿನಿಂದ ಹೊರಡುವ ರೈಲು. ಇನ್ನು ಮೇಲೆ ಆ ಹೊತ್ತಿಗೆ ತಾನು ಯಾವುದೋ ಫ್ಲೈಓವರಿನ ಮೇಲೆ ಬಸ್ಸಿನ ಹೊಗೆ ಕುಡಿಯುತ್ತ ನಿಂತಿರಬೇಕು! ಅತ್ತೆ ಕೃಷ್ಣಾಬಾಯಿಯವರ ತಂಗಿ ಸುಭದ್ರಾಬಾಯಿಯ ಮನೆ ಚಾಂದ್ರಾಯಣಗುಟ್ಟದಲ್ಲೇ ಇತ್ತು. ಅತ್ತೆ ಕೇಳಿದಾಗಲೆಲ್ಲ, “ಅದು ಚಂದ್ರಲೋಕ ಅದರಿ, ಯಾರ ಹೋಗ್ತಾರ ಅಷ್ಟ ದೂರ” ಎಂದು ಮೂರು ವರ್ಷದಿಂದ ಜಾರಿಕೊಳ್ಳುತ್ತ ಬಂದಿದ್ದ. ಈಗ ದಿನಾ ಹೋಗುವುದೆಂದರೆ!

“ಆಗಂಗಿಲ್ಲ ಸರ್. ನಮ್ಮ ಮನಿಯವರು ಎದಿ ಒಡಕೊಂಡ ಸಾಯ್ತಾರ. ನಮ್ಮ ಅತ್ತಿಯವರಂತೂ ನಾ ಒಂದ ತಾಸು ತಡಾ ಮಾಡಿದ್ರ ಊಟಾ ಮಾಡಂಗಿಲ್ಲ.”

ಇದು ಶುದ್ಧ ಸುಳ್ಳು. ಅತ್ತೆ ಎಲ್ಲರಿಗಿಂತ ಮೊದಲೇ ಊಟ ಮುಗಿಸುತ್ತಿದ್ದರು.

“ಹೌದೇ? ಸಂಜೆ ನಾನು ಮಲ್ಕಾಜ್‌ಗಿರಿಯ ಕಡೆಗೇ ಬರುವವನಿದ್ದೇನೆ. ನಿಮ್ಮ ಮನೆಗೂ ಬಂದು ಹೋಗುತ್ತೇನೆ. ಅವರಿಗೆ ನಿಜವಾಗಿಯೂ ಸಂಕಟವಾಗಿದೆಯೆಂದು ಕಂಡರೆ ಬೇರೆಯವರನ್ನು ಕಳಿಸೋಣ,” ಎಂದರು ಚಂದ್ರಹಾಸರು.

ಅಂದರೆ ಈಗ ಬೇಕಾದದ್ದು ಕಣ್ಣೀರು. ಪ್ರಹ್ಲಾದ ಮಷೀನುಗಳ ನಡುವೆಯೇ ನಿಂತು ಮನೆಗೆ ಫೋನು ಹಚ್ಚಿದ. ಎತ್ತಿದವರು ಹೆಂಡತಿ ಧನಶ್ರೀಯಲ್ಲ, ಅತ್ತೆ. ಅವರಿಗೆ ಕಿವಿ ಮಂದ ಎಂದು ಪ್ರಹ್ಲಾದನ ಅಂದಾಜು. ಯಾಕೆಂದರೆ ಅವನು ಹೇಳಿದ ಕೆಲಸ ಯಾವುದೂ ಅವರಿಗೆ ಕೇಳಿಸುತ್ತಿರಲಿಲ್ಲ.

“ಅತ್ತಿಯವರ, ನನ್ನ ಚಾಂದ್ರಾಯಣಗು...” ಧಡ್! “...ಹಾಕ್ಯಾರ! ನಾಳೆನ ಹೊರಡಬೇಕಂತ!”

“ಎಲ್ಲಿಗಂದ್ರಿ?”

“ಚಾಂದ್ರಾಯಣ...” ಧಡ್! “ಸಂಜಿಗೆ ಮ್ಯಾನೇಜರು ಮನಿಗೆ ಬರ್ತಾರ. ಅವರ ಮುಂದ ಎಲ್ಲಾರೂ ಗೊಳೋ ಅಂತ ಅಳಬೇಕು. ಧನಶ್ರೀಗೆ ಹೇಳ್ರಿ. ನೆರಿಹೊರಿಯವರನ್ನೂ ಕರೀರಿ.”

“ಆತು ಬಿಡ್ರಿ, ತಿಳೀತು,” ಎಂದು ಅತ್ತೆ ಫೋನಿಟ್ಟರು. ಅದೇ ಕ್ಷಣ ಪ್ರಹ್ಲಾದನ ಫೋನಿನ ಚಾರ್ಜೂ ಮುಗಿಯಿತು.

ಇತ್ತ ಕೃಷ್ಣಾಬಾಯಿ ಬಾಲ್ಕನಿಗೆ ಬಂದರು. ಕೆಳಗೆ ನೆರೆಮನೆಯ ಕಾಶಿನಾಥರು ಪೇಪರು ಹರಡಿಕೊಂಡು ಕೂತಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರಾದವರು. ಈಗ ಹಗಲೆಲ್ಲ ಟೀವಿಯ ಮುಂದೆ ಡ್ಯೂಟಿ. ಮನುಷ್ಯರನ್ನು ಮತ್ತೆ ಚಂದ್ರನಲ್ಲಿಗೆ ಕಳಿಸುವ ಸುದ್ದಿ ಬಂದಾಗಿನಿಂದ ಆ ಚರ್ಚೆಗಳಲ್ಲಿ ಒಂದನ್ನೂ ತಪ್ಪಿಸಿದವರಲ್ಲ.

“ಕಾಶಿನಾಥರ, ನಮ್ಮ ಅಳಿಯಂದ್ರನ್ನ ಚಂದ್ರಲೋಕಕ್ಕ ಹಾಕ್ಯಾರಂತ. ನಾಳೆನ ಹೊಂಟಾರ,” ಎಂದರು ಕೃಷ್ಣಾಬಾಯಿ.

ಅಷ್ಟೇ ಹೇಳಿದ್ದು. ಉಳಿದದ್ದನ್ನೆಲ್ಲ ಕಾಶಿನಾಥರೇ ನೋಡಿಕೊಂಡರು.

ಸಂಜೆ ಪ್ರಹ್ಲಾದ ಸ್ಕೂಟರಿನಲ್ಲಿ ಗೇಟು ದಾಟುತ್ತಲೇ ವಾಚ್‌ಮನ್ ಎದ್ದು ನಿಂತು ಸೆಲ್ಯೂಟು ಹೊಡೆದ. “ಮೀರು ಗ್ರೇಟ್ ಸಾರ್!” ಎಂದು ತೆಲುಗಿನಲ್ಲಿ ಹೊಗಳಿ ಕಣ್ಣೊರೆಸಿಕೊಂಡ. ಅಡ್ಡಿಯಿಲ್ಲ, ಅತ್ತೆ ವಾಚ್‌ಮನ್ನನಿಗೂ ಅಳುವುದನ್ನು ಕಲಿಸಿದ್ದಾರೆ ಎಂದು ಪ್ರಹ್ಲಾದನಿಗೆ ಖುಷಿಯಾಯಿತು.

ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಮಂದಿಯೆಲ್ಲ ಕೂತಿದ್ದರು. ಕಾಶಿನಾಥರು ಓಡಿ ಬಂದು ಅವನ ಎರಡೂ ಕೈ ಹಿಡಿದರು.

“ಪ್ರಹ್ಲಾದರ, ಹೆಂತಾ ಜಾಗಾಕ್ಕ ಹೊಂಟೀರಿ! ಹೋಗೂ ದಾರಿನ ಭಾಳ ತ್ರಾಸಿಂದಂತ?”

“ಕೇಳಬ್ಯಾಡ್ರಿ. ಅಲ್ಲಿ ಮುಟ್ಟೂದರೊಳಗ ನಡಾ ಮುರದ ಹೋಗ್ತದ.”

“ಹೌದ ಮತ್ತ! ಎಲುಬ ಸವದು ಸಡಲ ಆಗ್ತಾವಂತ. ಧೂಳಂತೂ...”

“ಅಯ್ಯೋ, ಧೂಳಂದ್ರ ಧೂಳೇನ್ರಿ ಅದು! ಅರಿವಿ, ಮೂಗು, ಕಣ್ಣು ಒಂದೂ ಬಿಡಂಗಿಲ್ಲ. ಗಾಜಿನ ಪುಡಿ ಇದ್ದಂಗ.”

“ಸೂಟನ್ನ ಹರದ ಹಾಕ್ತದಂತ!”

“ಸೂಟ್ಯಾಕರಿ ಅಲ್ಲಿ? ದಿನಾ ಹಾಕ್ಕೊಳೋ ಅಂಗಿ ಪ್ಯಾಂಟ ಸಾಕು.”

ಕಾಶಿನಾಥರು ಮಂದಿಯ ಕಡೆ ತಿರುಗಿ, ‘ನೋಡಿದ್ರೇನು ಈ ಎದೆಗಾರಿಕೆ’ ಎಂಬಂತೆ ಹುಬ್ಬು ಹಾರಿಸಿದರು. ಮತ್ತೆ ದನಿ ತಗ್ಗಿಸಿ, “ಕುಳಿಗೋಳು?” ಎಂದರು.

“ನಮ್ಮ ಡ್ರೈವರ್ ಹೇಳತಿದ್ದ. ಒಂದೊಂದ ಕುಳಿಯೊಳಗ ಇಳದ್ರ ಗಾಡಿ ಚಕ್ರನ ಕಾಣಂಗಿಲ್ಲಂತ.”

“ನಿಮ್ಮ ಡ್ರೈವರ್... ಹೋಗಿ ಬಂದಾನ?”

“ವಾರಕ್ಕ ಎರಡ ಸಲ ಹೋಗ್ತಾನ, ಸಾಮಾನು ಹಾಕ್ಕೊಂಡು.”

ಕಾಶಿನಾಥರ ಕನ್ನಡಕ ಮೂಗಿನ ತುದಿಗೆ ಜಾರಿತು. “ಇದನ್ನ ಟೀವಿಯವರು ಹೇಳೇ ಇಲ್ಲಲ್ಲರಿ! ಸರಕಾರದವರು ಏನೇನ ಮುಚ್ಚಿಡ್ತಾರ ನೋಡ್ರಿ!”

ಇನ್ಶೂರೆನ್ಸ್ ಏಜೆಂಟ್ ಅಮರೇಶಪ್ಪ ಕೈಯಲ್ಲೊಂದು ಹಾರ ಹಿಡಿದು ಮುಂದೆ ಬಂದ. ಲಿಂಗಸುಗೂರಿನ ಕಡೆಯವನು, ಮೂರನೆಯ ಮಹಡಿಯಲ್ಲಿದ್ದ.

“ಪ್ರಹ್ಲಾದಣ್ಣಾರ, ಸಿಟ್ಟಾಗಬ್ಯಾಡ್ರಿ. ಮಧ್ಯಾಹ್ನದಿಂದ ಆಫೀಸಿಗೆ ಫೋನ್ ಮಾಡಾಕತ್ತೀನಿ. ಲಾರಿ, ಬೆಂಕಿ, ನಾಯಿ ಕಚ್ಚೂದು ಎಲ್ಲಾದಕ್ಕೂ ಪಾಲಿಸಿ ಐತಿ. ನೀವು ಹೊಂಟ ಜಾಗಾಕ್ಕ ಮಾತ್ರ ಇಲ್ಲಂತ. ಗಾಳಿ ಇಲ್ದ ಕಡೆ ಇನ್ಶೂರೆನ್ಸ್ ಬರಂಗಿಲ್ಲಂತ್ರಿ.”

“ಗಾಳಿ ಎಲ್ಲಿಂದ ಬರಬೇಕೋ ಮಾರಾಯಾ? ತಗಡಿನ ಶೆಡ್ಡು. ಒಂದ ಫ್ಯಾನು ಅದ, ಅದೂ ಸೂಪರ್‌ವೈಜರ್ ತಲಿ ಮ್ಯಾಲ.”

“ವಾಪಸ್ ಬರೂದರಿ?”

“ಹೋಗೂದಕ್ಕಿಂತ ಬರೂದ ಕಷ್ಟ. ಸಂಜೀ ಟ್ರಾಫಿಕ್ ಇರ್ತದಲ್ಲ.”

“ಅಲ್ಲಿ ಟ್ರಾಫಿಕ್ ಐತೇನ್ರಿ?”

“ಸ್ಯಾಟಲೈಟ್ ತುಂಬ್ಯಾವಲ್ಲೋ ಅಮರೇಶಪ್ಪಾ,” ಎಂದು ಕಾಶಿನಾಥರು ತಿಳಿಹೇಳಿದರು. ಆಮೇಲೆ ಪ್ರಹ್ಲಾದನ ಕಿವಿಯ ಹತ್ತಿರ ಬಂದರು. “ಮತ್ತ... ಸಂಡಾಸಿನ ವ್ಯವಸ್ಥಾ? ಮೊದಲ ಹೋದವರು ಪಾಪ, ಚೀಲದಾಗ ಮಾಡಿ ಕಟ್ಟಿ ಇಡತಿದ್ರಂತ.”

“ಚೀಲದಾಗ?” ಪ್ರಹ್ಲಾದ ಬೆಚ್ಚಿಬಿದ್ದ. “ಇದನ್ನ ನನಗ ಯಾರೂ ಹೇಳಿಲ್ಲಲ್ಲರಿ!”

ಒಳಗೊಳಗೇ ಅವನಿಗೆ ಹಿಗ್ಗು. ಎಂಥ ನೆರೆಹೊರೆ! ತನಗಿಂತ ಹೆಚ್ಚಿಗೆ ತನ್ನ ಕಷ್ಟ ಬಲ್ಲವರು. “ಕಾಶಿನಾಥರ, ಈಗ ಅಂದದ್ದನ್ನೆಲ್ಲ ಮ್ಯಾನೇಜರ ಮುಂದ ಹಿಂಗ ಅನ್ರಿ. ಒಂದನ್ನೂ ಬಿಡಬ್ಯಾಡ್ರಿ,” ಎಂದ.

ಅಷ್ಟರಲ್ಲಿ ಕಾರು ಬಂದು ನಿಂತಿತು. ಚಂದ್ರಹಾಸರು ಇಳಿದರು. ಪ್ರಹ್ಲಾದ ಮುಖ ಜೋಲು ಹಾಕಿಕೊಂಡು ಹೆಂಡತಿಗೆ ಕಣ್ಸನ್ನೆ ಮಾಡಿದ: ಅಳು!

ಧನಶ್ರೀ ರೇಷ್ಮೆ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು, ಬೆಳದಿಂಗಳ ಹಾಗೆ ನಗುತ್ತ ಬಂದಳು.

“ಅಳಂಗಿಲ್ಲರಿ ನಾನು. ಇಂಥಾ ಕೆಲಸಕ್ಕ ಹೊಂಟವರ ಮುಂದ ಅತ್ತರ ಅಪಶಕುನ ಅಂತ ಅವ್ವ ಹೇಳ್ಯಾಳ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟೀನಿ. ತಿಂಗಳಗಟ್ಟಲೆ ಇಟ್ರೂ ಕೆಡಂಗಿಲ್ಲ,” ಎಂದು ಗಂಡನ ಹಣೆಗೆ ಕುಂಕುಮ ಇಟ್ಟಳು.

ಪ್ರಹ್ಲಾದನಿಗೆ ದಿಗಿಲಾಯಿತು. “ಕಾಶಿನಾಥರ! ಹೇಳ್ರೀ!” ಎಂದು ಗೋಗರೆದ.

ಕಾಶಿನಾಥರು ರೈಲಿಗೆ ಹಸಿರು ಬಾವುಟ ತೋರಿಸುವ ಹಾಗೆ ಕೈ ಎತ್ತಿ ನಿಂತರು. “ಸಾಹೇಬರ! ಅಲ್ಲಿ ಗಾಳಿ ಇಲ್ಲ. ನೀರು ಬರ್ಫ ಆಗಿ ಕತ್ತಲ ಕುಳಿಯೊಳಗ ಕೂತದ. ಬಿಸಲಿಗೆ ನಿಂತ್ರ ಬೇಯಬೇಕು, ನೆರಳಿಗೆ ಸರದ್ರ ಸೆಟೀಬೇಕು. ಸೂರ್ಯ ಸಿಟ್ಟಿಗೆದ್ದು ಕಿರಣ ಕಾರಿದ್ರ ಅಡಗಲಿಕ್ಕೆ ಜಾಗಾ ಇಲ್ಲ. ಮ್ಯಾಲೇಳೂ ಮುಂದ ಇಂಜಿನ್ ಹೊತ್ತಲಿಲ್ಲ ಅಂದ್ರ ಕರಕೊಂಡ ಬರಾವ್ರು ಯಾರೂ ಇಲ್ಲ. ಇಷ್ಟೆಲ್ಲಾ ಗೊತ್ತಿದ್ದೂ ನಾವು ನಮ್ಮ ಪ್ರಹ್ಲಾದರನ್ನ ನಕ್ಕೋತ ಕಳಸಲಿಕ್ಕೆ ತಯಾರಿದ್ದೀವಿ!”

ಚಪ್ಪಾಳೆಯೋ ಚಪ್ಪಾಳೆ. ಅಮರೇಶಪ್ಪ ಹಾರ ಹಾಕಿಯೇಬಿಟ್ಟ.

ಚಂದ್ರಹಾಸರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. “ಕ್ಷಮಿಸಿ. ಇಷ್ಟೆಲ್ಲ ಚಾಂದ್ರಾಯಣಗುಟ್ಟದಲ್ಲಿಯೇ?”

“ಗುಟ್ಟಾ?” ಎಂದರು ಕಾಶಿನಾಥರು.

“ಗುಟ್ಟೇನ್ರಿ?” ಎಂದ ಅಮರೇಶಪ್ಪ.

ಪ್ರಹ್ಲಾದ ಒಬ್ಬೊಬ್ಬರ ಮುಖವನ್ನೇ ನೋಡಿದ. ಸೂಟು, ಸ್ಯಾಟಲೈಟು, ಚೀಲ ಎಲ್ಲ ಒಂದೊಂದಾಗಿ ತಲೆಯೊಳಗೆ ಇಳಿದು ಸರಿಯಾದ ಜಾಗದಲ್ಲಿ ಕೂತವು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ವಿಷಯ ತಿಳಿಯುತ್ತಲೇ ಚಂದ್ರಹಾಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಸ್ತಕದ ಕನ್ನಡಕ್ಕೂ ಅಂಥ ನಗು ಇದೆಯೆಂದು ಪ್ರಹ್ಲಾದನಿಗೆ ಅವತ್ತೇ ಗೊತ್ತಾದದ್ದು.

“ಪ್ರಹ್ಲಾದರೇ, ಮನೆಯವರು ಎದೆ ಒಡೆದುಕೊಳ್ಳುತ್ತಾರೆ ಎಂದಿರಿ. ಇವರಾದರೋ ಗಾಳಿಯಿಲ್ಲದ ಚಂದ್ರನ ಮೇಲಕ್ಕೇ ಆರತಿ ಎತ್ತಿ ನಿಮ್ಮನ್ನು ಬೀಳ್ಕೊಡುವ ಧೀರರು. ಇಂಥವರಿಗೆ ಚಾಂದ್ರಾಯಣಗುಟ್ಟ ಯಾವ ಲೆಕ್ಕ? ನಾಳೆ ಎಂಟು ಗಂಟೆಗೆ ಅಲ್ಲಿರಿ.” ಎರಡು ಉಂಡಿ ತಿಂದು, ಚಹಾ ಕುಡಿದು, ಕಾರು ಹತ್ತಿದರು.

“ಡ್ರೈವರ್ ವಾರಕ್ಕ ಎರಡ ಸಲ ಅಂದಾಗನ ನನಗ ಸಂಶೇ ಬಂದಿತ್ತು,” ಎಂದು ಗೊಣಗುತ್ತ ಕಾಶಿನಾಥರು ಟೀವಿಯ ಡ್ಯೂಟಿಗೆ ಹೋದರು. ಅಮರೇಶಪ್ಪ ಮೆಲ್ಲಗೆ ಹತ್ತಿರ ಬಂದು, “ಅಣ್ಣಾರ, ಹಾರ ಇನ್ನೂ ತಾಜಾ ಐತಿ. ನಾಳೆ ನಮ್ಮ ಬ್ರ್ಯಾಂಚ್ ಮ್ಯಾನೇಜರ್ ರಿಟೈರ್ ಆಗಾಕತ್ತಾರ...” ಎಂದು ಅದನ್ನು ಪ್ರಹ್ಲಾದನ ಕೊರಳಿನಿಂದ ಬಿಡಿಸಿಕೊಂಡ.

ಮೇಲೆ ಮನೆಯೊಳಗೆ ಕೃಷ್ಣಾಬಾಯಿ ಡಬ್ಬಿಗೆ ಉಂಡಿ ತುಂಬುತ್ತಿದ್ದರು. ಪ್ರಹ್ಲಾದ ಎದುರಿಗೆ ಹೋಗಿ ನಿಂತ. ಅಳು ಬರುತ್ತಿತ್ತು. ಬರಬೇಕಾದ ಹೊತ್ತಿಗೆ ಯಾರಿಗೂ ಬಾರದ ಅಳು.

“ಅತ್ತಿಯವರ! ನಾ ಫೋನಿನ್ಯಾಗ ಹೇಳಿದ್ದು ಚಾಂದ್ರಾಯಣಗುಟ್ಟ ಅಂತ!”

“ಹೌದು, ಕೇಳಿಸ್ತು. ಎರಡೂ ಸಲ ಕೇಳಿಸ್ತು,” ಎಂದರು ಅತ್ತೆ, ಡಬ್ಬಿಯಿಂದ ತಲೆಯೆತ್ತದೆ.

“ಮತ್ತ ಚಂದ್ರಲೋಕ ಅಂತ ಯಾಕ ಡಂಗುರ ಸಾರಿದ್ರಿ?”

“ಮೂರ ವರ್ಷದಿಂದ ಅದಕ್ಕ ನೀವು ಅನ್ನೂದ ಹಂಗಲ್ಲೇನು? ‘ನಮ್ಮ ಸುಭದ್ರಾನ ನೋಡಿ ಬರೂಣ ನಡೀರಿ’ ಅಂದಾಗೆಲ್ಲ ‘ಅದು ಚಂದ್ರಲೋಕ’ ಅಂತಿದ್ರಿ. ಅಳಿಯಂದ್ರ ಮಾತು ನಾ ಸುಳ್ಳ ಮಾಡಲೇನು?”

ಅತ್ತೆ ಡಬ್ಬಿಯ ಮುಚ್ಚಳ ಒತ್ತಿ, ಕೈಚೀಲದೊಳಗೆ ಇಟ್ಟು, ಗೂಟಕ್ಕೆ ತೂಗುಹಾಕಿದ್ದ ಧನಶ್ರೀಯ ಹೆಲ್ಮೆಟ್ ಇಳಿಸಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಸರಿಯಾಗಿ ಕೂತಿತು.

“ಎಂಟಕ್ಕ ಅಂದ್ರ ಆರೂವರಿಗೆ ಹೊಂಡೂಣ. ದಿನಾ ಮುಂಜಾನೆ ನನ್ನನ್ನ ಸುಭದ್ರಾನ ಮನಿಗೆ ಬಿಡ್ರಿ, ಸಂಜಿಗೆ ಕರಕೊಂಡ ಬರ್ರಿ. ಕಾಶಿನಾಥರು ಹೇಳ್ಯಾರ, ಚಂದ್ರಗ ಒಬ್ಬರನ್ನ ಎಂದೂ ಕಳಸಂಗಿಲ್ಲಂತ.”